ಅರ್ಧ ಖಾಲಿ ಲಾರಿಯ ಮಾಲೀಕ

ಸವಣೂರಿನ ಎಲೆ ತೋಟದ ಬದಿಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬಾಳೆಲೆಯಲ್ಲಿ ಸುತ್ತಿದ ವೀಳ್ಯದೆಲೆಯ ಪೆಂಡಿಗಳು ಒಂದೊಂದಾಗಿ ಲಾರಿ ಏರುತ್ತಿವೆ. ಲಾರಿಯ ಮಾಲೀಕರೂ ಚಾಲಕರೂ ತಾವೇ ಆಗಿರುವ ಅಬಲೂರಿನ ಚನ್ನೇಶ, ಹಮಾಲರ ಬೆನ್ನಿಗೇ ಓಡಾಡುತ್ತ ಪೆಂಡಿಗಳ ನಡುವೆ ಅಂಗೈ ತೂರಿಸಿ ನೋಡುತ್ತಿದ್ದಾರೆ. ‘ಸಡ್ಲ ಇಡ್ರಪಾ, ಒತ್ತಬ್ಯಾಡ್ರಿ. ನಡುವ ಗಾಳಿ ಆಡಬೇಕು’ ಎಂದು ಹೇಳಿದ್ದನ್ನೇ ಹೇಳುತ್ತಾರೆ. ಹಮಾಲರು ಮುಸಿಮುಸಿ ನಗುತ್ತಾರೆ. ಮಗಳನ್ನು ಗಂಡನ ಮನೆಗೆ ಕಳಿಸುವ ಅಪ್ಪನಿಗೂ ಇಷ್ಟು ಚಡಪಡಿಕೆ ಇರಲಿಕ್ಕಿಲ್ಲ.

ಚಡಪಡಿಕೆಗೆ ಕಾರಣವಿದೆ. ಎರಡು ವರ್ಷಗಳ ಹಿಂದೆ ಇದೇ ತೋಟದ ಎಲೆ ಇದೇ ಲಾರಿಯಲ್ಲಿ ಬೆಂದು ಕಪ್ಪಾಗಿತ್ತು. ಚನ್ನೇಶ ಹಿರೇಕೆರೂರಿನ ಗೋವಿನಜೋಳ ಹೇರುತ್ತಲೇ ಕೈ ಪಳಗಿಸಿಕೊಂಡವರು. ಗೋವಿನಜೋಳಕ್ಕೆ ಹನಿ ನೀರೂ ತಾಗಬಾರದು. ತಾಡಪಾಲು ಎಳೆದು ಹಗ್ಗ ಎಷ್ಟು ಬಿಗಿದರೆ ಅಷ್ಟು ಒಳ್ಳೆಯದು. ಆ ದಿನ ಮೋಡ ಕಂಡದ್ದೇ ತಡ, ಎಲೆಗೂ ಹಾಗೆಯೇ ಬಿಗಿದುಬಿಟ್ಟರು. ಕೊಲ್ಹಾಪುರದ ಪೇಟೆಯಲ್ಲಿ ತಾಡಪಾಲು ಸರಿಸಿದರೆ ಒಳಗಿನಿಂದ ಬಿಸಿ ಹಬೆ ಮುಖಕ್ಕೆ ಬಡಿಯಿತು. ‘ಯಾರೂ ಬೈಲಿಲ್ರಿ. ಎಲ್ಲಾರೂ ಸುಮ್ಮನ ನೋಡ್ಕೋತ ನಿಂತ್ರು. ನಾಕು ಬೈದಿದ್ರ ಚಲೋ ಇತ್ತು’ ಎನ್ನುತ್ತಾರೆ. ಅಂದಿನಿಂದ ಸವಣೂರಿನಲ್ಲಿ ಅವರ ಲಾರಿಗೆ ಒಂದು ಪೆಂಡಿಯನ್ನೂ ಯಾರೂ ಹಾಕಲಿಲ್ಲ.

ಅಂದು ನಷ್ಟ ಅನುಭವಿಸಿದ ಎಲೆ ವ್ಯಾಪಾರಿ ಚಮನಬಿಯೇ ಇಂದು ಮತ್ತೆ ಕರೆಸಿದ್ದಾರೆ. ಅವರ ಕಾಯಂ ಲಾರಿಯವನು ಈ ಹಾದಿ ಬಿಟ್ಟಿದ್ದಾನೆ. ‘ಈ ಸಲ ಎಲಿ ಹಸರ ಮುಟ್ಟಿದ್ರ ವಾರಕ್ಕೆ ಎರಡು ಲೋಡ್ ನಿಂದs. ಕೆಟ್ಟಿತಂದ್ರ ಸವಣೂರ ಹಾದಿ ಮರತಬಿಡು’ ಎಂದು ಖಡಾಖಂಡಿತ ಹೇಳಿದ್ದಾರೆ.

ವಾರಕ್ಕೆ ಎರಡು ಕಾಯಂ ಲೋಡ್ ಎಂದರೆ ಚನ್ನೇಶರಿಗೆ ವರ್ಷವಿಡೀ ಉಸಿರಾಡಿದಂತೆ. ಸುಗ್ಗಿಯಲ್ಲಿ ಹಿರೇಕೆರೂರಿನ ಗೋವಿನಜೋಳ, ಹತ್ತಿ ಇರುತ್ತವೆ. ಬೇಸಿಗೆಯಲ್ಲಿ ಹಾನಗಲ್ಲಿನ ಮಾವು. ಮಳೆಗಾಲ ಬಂದರೆ ಲಾರಿ ಮನೆಯ ಮುಂದೆ ನಿಲ್ಲುತ್ತದೆ, ಬ್ಯಾಂಕಿನ ಕಂತು ಮಾತ್ರ ನಿಲ್ಲುವುದಿಲ್ಲ. ಹನ್ನೊಂದು ವರ್ಷ ಸಂಬಳಕ್ಕೆ ಓಡಿಸಿದ ಲಾರಿಯನ್ನು ಮಾಲೀಕರು ಮಾರಲು ಹೊರಟಾಗ, ಅದರ ಒಂದೊಂದು ನಟ್ಟೂ ಗೊತ್ತೆಂಬ ಧೈರ್ಯದಿಂದ ಚನ್ನೇಶರೇ ಕೊಂಡರು. ಓಡಿಸುವುದು ಗೊತ್ತಿತ್ತು. ಯಾವ ಬಾಡಿಗೆ ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬುದು ಗೊತ್ತಿರಲಿಲ್ಲ. ಮೊದಲ ವರ್ಷ ಕರೆದವರಿಗೆಲ್ಲ ಹೂಂ ಅಂದು, ವಾಪಸು ಖಾಲಿ ಬಂದು, ಡೀಸೆಲ್ಲಿಗೇ ದುಡಿದರು.

ಈಗ ಪ್ರತಿ ಟ್ರಿಪ್ಪಿನಲ್ಲೂ ಟೈರಿಗೆ, ಎಂಜಿನ್ನಿಗೆ ಎಂದು ಮೊದಲು ಹಣ ತೆಗೆದಿಡುತ್ತಾರೆ. ಈ ಶಿಸ್ತು ತಂದವರು ಹೆಂಡತಿ ಶ್ವೇತಾ. ‘ಲಾರಿ ಉಂಡ ಮ್ಯಾಲ ನಾವು ಉಣ್ಣೋದು ಅಂತ ಹೇಳೇನ್ರಿ. ಅದು ಉಪಾಸ ಬಿದ್ರ ನಮ್ಮ ಒಲಿ ಹೊತ್ತಂಗಿಲ್ಲ’ ಎಂದು ಆಕೆ ನಗುತ್ತಾರೆ. ನಗುವಾಗಲೂ ಕಣ್ಣು ಬಾಡಿಗೆಯ ಕರೆ ಬರುವ ಗಂಡನ ಮೊಬೈಲಿನ ಮೇಲೆಯೇ ಇರುತ್ತದೆ.

ಆ ಮೊಬೈಲು ಈಗ ತೋಟದ ಬದಿಯಲ್ಲಿ ಬಡಿದುಕೊಳ್ಳುತ್ತಿದೆ. ಹಿರೇಕೆರೂರಿನ ದಲ್ಲಾಳಿ ರಾಜಕುಮಾರ. ಸುಗ್ಗಿಯಲ್ಲಿ ಚನ್ನೇಶರಿಗೆ ಗೋವಿನಜೋಳದ ಲೋಡ್ ಕೊಡುವವರು ಅವರೇ. ‘ಎಲಿ ಹಾಕಿದ್ರೂ ನಿನ್ನ ಗಾಡಿ ಅರ್ಧ ಖಾಲಿನs ಅಲ್ಲೇನೋ? ಶಿಗ್ಗಾವಿಯೊಳಗ ನಲವತ್ತು ಚೀಲ ಗೋವಿನಜೋಳ ನಿಂತಾವು. ಮುಂದ ಒಗದು ಕೊಲ್ಹಾಪುರಕ್ಕ ಮುಟ್ಟಿಸು, ಡಬಲ್ ಬಾಡಿಗಿ.’

ಚನ್ನೇಶ ಲಾರಿಯತ್ತ ನೋಡುತ್ತಾರೆ. ಎಲೆ ಹಗುರ, ಅರ್ಧ ಲಾರಿಯೂ ತುಂಬಿಲ್ಲ. ಚಮನಬಿ ಕೊಡುವ ಬಾಡಿಗೆ ಡೀಸೆಲ್ಲಿಗೂ ಟೋಲಿಗೂ ಸರಿಹೋಗುತ್ತದೆ, ಕಂತಿಗೆ ಏನೂ ಉಳಿಯುವುದಿಲ್ಲ. ಆ ಚೀಲಗಳಿಂದ ಕಂತು ನೀಗುತ್ತದೆ. ಆದರೆ ಈಗಷ್ಟೇ ಒಕ್ಕಿದ ಹಸಿ ಗೋವಿನಜೋಳ ಚೀಲದಲ್ಲೇ ಬಿಸಿಯೇರುತ್ತದೆ, ಆ ಕಾವು ಪಕ್ಕದ ಎಲೆಗೆ ತಾಗುತ್ತದೆ. ತಾಗಲಿಕ್ಕಿಲ್ಲ ಎಂದೂ ಮನಸ್ಸು ಹೇಳುತ್ತದೆ, ಬೆಳಗಿನ ತಂಪಿದೆಯಲ್ಲ ಎಂದು ಆಸೆ ತೋರಿಸುತ್ತದೆ. ರಾಜಕುಮಾರರ ಮಾತು ಮುರಿದರೆ ಈ ಸುಗ್ಗಿಗೆ ಲೋಡ್ ಸಿಕ್ಕೀತೆಂಬ ಭರವಸೆಯಿಲ್ಲ.

‘ಇವತ್ತ ಆಗಂಗಿಲ್ರಿ, ಸಾವ್ಕಾರ್ರ’ ಎನ್ನುತ್ತಾರೆ. ಅತ್ತಲಿಂದ ಕರೆ ಕಟ್ಟಾಗುತ್ತದೆ.

ಶಿಗ್ಗಾವಿ ದಾಟುವಾಗ ಚನ್ನೇಶ ರಸ್ತೆ ಬಿಟ್ಟು ಬೇರೆಲ್ಲೂ ನೋಡುವುದಿಲ್ಲ. ಧಾರವಾಡದ ಆಚೆ ಒಮ್ಮೆ, ಬೆಳಗಾವಿ ದಾಟಿ ಒಮ್ಮೆ ಲಾರಿ ನಿಲ್ಲಿಸಿ, ತಾಡಪಾಲಿನ ಅಂಚೆತ್ತಿ ಪೆಂಡಿಯ ಒಳಗೆ ಕೈ ಹಾಕುತ್ತಾರೆ. ಎರಡನೆಯ ಸಲ ಬೆಚ್ಚಗಿದ್ದಂತೆ ಅನಿಸುತ್ತದೆ. ಬಿಸಿಲೇರಿದೆ, ಸ್ಟೇರಿಂಗ್ ಹಿಡಿದ ಅಂಗೈಯೇ ಬೆಚ್ಚಗಿದೆಯೋ ಏನೋ. ‘ಯಾವುದು ನನ್ನ ಬಿಸಿ, ಯಾವುದು ಎಲಿ ಬಿಸಿ ಅಂತ ತಿಳೀವಲ್ದಾತ್ರಿ’ ಎನ್ನುತ್ತಾರೆ. ಮುಂದಿನ ದಾರಿಯಲ್ಲಿ ಚಹಕ್ಕೂ ನಿಲ್ಲುವುದಿಲ್ಲ.

ಕೊಲ್ಹಾಪುರದ ಪೇಟೆಯಲ್ಲಿ ಎಲೆ ಕೊಳ್ಳುವವರು ನಡುವಿನ ಪೆಂಡಿಯನ್ನೇ ಆರಿಸಿ ಬಿಚ್ಚುತ್ತಾರೆ. ಅಂಚಿನದು ಚೆನ್ನಾಗಿರುತ್ತದೆಂದು ಅವರಿಗೂ ಗೊತ್ತು. ಚನ್ನೇಶ ಅಲ್ಲಿ ನಿಲ್ಲಲಾರದೆ ಗಾಲಿ ನೋಡುವ ನೆಪದಲ್ಲಿ ಲಾರಿಯ ಆಚೆ ಬದಿಗೆ ಹೋಗುತ್ತಾರೆ. ತಿರುಗಿ ಬಂದಾಗ ಎಲೆಗಳು ನೆಲದ ಮೇಲೆ ಹರಡಿವೆ, ಬಳ್ಳಿಯಿಂದ ಈಗ ಕಿತ್ತಂತೆ ಹಸಿರಾಗಿವೆ.

ಸ್ವಲ್ಪ ಹೊತ್ತಿಗೆ ಚಮನಬಿಯ ಫೋನು ಬರುತ್ತದೆ. ಎಲೆಗೆ ಒಳ್ಳೆಯ ದರ ಸಿಕ್ಕ ಸುದ್ದಿ ಆಗಲೇ ಸವಣೂರು ಮುಟ್ಟಿದೆ. ‘ಮಂಗಳವಾರ ಬಾರಪಾ. ಇದs ಬಾಡಿಗಿ.’

ಈ ಮಾತಿಗಾಗಿಯೇ ಚನ್ನೇಶ ನಸುಕಿನಿಂದ ಜೀವ ಹಿಡಿದುಕೊಂಡಿದ್ದಾರೆ. ಹೂಂ ಎಂದರೆ ಮುಗಿಯಿತು. ಆದರೆ ಹೂಂ ಎನ್ನುವುದಿಲ್ಲ.

‘ಅವ್ವಾರ, ಇದs ಬಾಡಿಗಿ ಆದ್ರ ನನಗ ಪೂರೈಸಂಗಿಲ್ರಿ. ಪೂರಾ ಗಾಡಿ ಬಾಡಿಗಿ ಕೊಡಬೇಕಾಕ್ಕೇತಿ.’

‘ಗಾಡಿ ಅರ್ಧ ಖಾಲಿ ಇತ್ತಲ್ಲೋ?’

‘ಆ ಖಾಲಿನs ನಿಮ್ಮ ಎಲಿ ಕಾದೈತ್ರಿ. ಅಲ್ಲಿ ಬ್ಯಾರೇದವ್ರ ಮಾಲ್ ಹಾಕಿದ್ರ ನನಗ ರೊಕ್ಕ, ನಿಮಗ ಕರಿ ಎಲಿ.’

ಬೆಳಿಗ್ಗೆ ಒಬ್ಬರ ಮಾತು ಮುರಿದಾಗಿದೆ, ಈಗ ಇನ್ನೊಬ್ಬರ ಹತ್ತಿರ ಹಟ. ಬಾಡಿಗೆ ಕೇಳಿ ಹಾದಿಯನ್ನೇ ಕಳೆದುಕೊಂಡೆನೇನೋ ಎಂದು ಚನ್ನೇಶ ಕಣ್ಣು ಮುಚ್ಚುತ್ತಾರೆ.

‘ಗಾಳಿಗೂ ರೊಕ್ಕ ಕೇಳ್ತಾನ ನೋಡ್ರಿ ಇವಾ!’ ಚಮನಬಿ ಹತ್ತಿರದಲ್ಲಿದ್ದ ಯಾರಿಗೋ ಹೇಳುವುದು ಕೇಳುತ್ತದೆ. ಬಳಿಕ ಇತ್ತ ತಿರುಗಿ, ‘ಕೊಡತೇನಿ. ಆದ್ರ ಒಂದು ಚೀಲಾನೂ ಕೂಡಿಸಬಾರದು. ಮಂಗಳವಾರ ನಸಿಕಿನ್ಯಾಗ ಬಾ’ ಎಂದು ಫೋನಿಡುತ್ತಾರೆ.

ಚನ್ನೇಶ ಲಾರಿಯ ಮೆಟ್ಟಿಲ ಮೇಲೆ ಕೂರುತ್ತಾರೆ. ರಾಜಕುಮಾರರ ಕರೆ ಇನ್ನೂ ಬಂದಿಲ್ಲ, ಬರುತ್ತದೋ ಇಲ್ಲವೋ ಗೊತ್ತಿಲ್ಲ. ದಾರಿಯಲ್ಲಿ ಕುಡಿಯದ ಚಹವನ್ನು ಈಗ ತರಿಸಿಕೊಂಡು ಹೇಳುತ್ತಾರೆ: ‘ಬ್ಯಾರೇದವ್ರ ಗಾಡಿ ಓಡಿಸುವಾಗ ಹಾಕಿದ್ದು ಒಯ್ಯೋದಷ್ಟs ನನ್ನ ಕೆಲಸ ಇತ್ತು. ಇವತ್ತ ಒಬ್ಬರಿಗೆ ಬ್ಯಾಡ ಅಂದ್ನಿ, ಒಬ್ಬರಿಗೆ ಇಷ್ಟು ಕೊಡ್ರಿ ಅಂದ್ನಿ. ಈ ಗಾಡಿ ನಂದು ಅಂತ ಇವತ್ತ ಅನಿಸ್ತು ನೋಡ್ರಿ.’