ಏನರೆ ಒಂದು ಹೆಸರು

ನನಗೆ ಸಿಟ್ಟು ಜಾಸ್ತಿ. ಕುಂದಗೋಳದ ಬಸ್‌ಸ್ಟ್ಯಾಂಡಿನ ಬಾಜು ಇರುವ ನನ್ನ ಕಂಪ್ಯೂಟರ್ ಅಂಗಡಿಗೆ ಬರುವವರಿಗೆಲ್ಲ ಅದು ಗೊತ್ತು. ಸಿಟ್ಟು ಗಿರಾಕಿಗಳ ಮೇಲಲ್ಲ, ಹೊಸ ಕಂಪ್ಯೂಟರಿನ ಗುಂಡಿ ಒತ್ತಿದ ಕೂಡಲೇ ಬರುವ ಆ ಮೊದಲ ಪರದೆಯ ಮೇಲೆ. ಇಂಟರ್ನೆಟ್ ಕೊಡು ಅನ್ನುತ್ತದೆ. ಆಮೇಲೆ ಈಮೇಲ್ ಕೊಡು, ಫೋನ್ ನಂಬರ್ ಕೊಡು, ಹುಟ್ಟಿದ ದಿನ ಕೊಡು. ಆನ್‌ಲೈನ್ ಖಾತೆ ತೆರೆಯದಿದ್ದರೆ ಒಂದು ಹೆಜ್ಜೆ ಮುಂದೆ ಬಿಡುವುದಿಲ್ಲ. ದುಡಿದ ರೊಕ್ಕ ಕೊಟ್ಟು ತಂದವರು ನಾವು, ಅದನ್ನು ಮುಟ್ಟಲಿಕ್ಕೆ ಮತ್ತ್ಯಾರದೋ ಅಪ್ಪಣೆ!

ಮೊದಮೊದಲು ನಮ್ಮಂಥ ಅಂಗಡಿಯವರಿಗೆ ಒಂದು ಉಪಾಯವಿತ್ತು. ಇಂಟರ್ನೆಟ್ ತೆಗೆದುಬಿಟ್ಟರೆ ಗೊಣಗಿಕೊಂಡಾದರೂ ಒಳಗೆ ಬಿಡುತ್ತಿತ್ತು. ಬರಬರುತ್ತ ಕಂಪನಿಯವರು ಅದನ್ನೂ ಮುಚ್ಚಿದರು. ಆಗ ನಾನು ನನ್ನದೇ ದಾರಿ ಹಿಡಿದೆ. ಬಾಯಿಗೆ ಬಂದ ಹೆಸರು, ಕೈಗೆ ಸಿಕ್ಕ ಅಕ್ಷರ ಒತ್ತಿ ಒಂದು ಸುಳ್ಳು ಈಮೇಲ್, ಡ್ರಾದಲ್ಲಿ ಬಿದ್ದಿದ್ದ ಯಾವುದೋ ಹಳೆಯ ಸಿಮ್ಮಿನ ನಂಬರು. ಐದು ನಿಮಿಷದಲ್ಲಿ ಕೆಲಸ ಖಲಾಸ್. ಗಿರಾಕಿಗೆ ನಾಲ್ಕಂಕಿಯ ಪಿನ್ ಹೇಳಿ ಕಳಿಸುತ್ತಿದ್ದೆ. ಯಂತ್ರದ ಹಿಂದೆ ಖಾತೆ ಅನ್ನುವುದೊಂದು ಇದೆ ಎಂಬುದೇ ಅವರಿಗೆ ಗೊತ್ತಿರುತ್ತಿರಲಿಲ್ಲ. ನಾನೂ ಎಲ್ಲಿಯೂ ಬರೆದಿಡುತ್ತಿರಲಿಲ್ಲ. ದೊಡ್ಡ ಕಂಪನಿಗೆ ಟೋಪಿ ಹಾಕಿ ನಮ್ಮ ಮಂದಿಯ ಹೆಸರು ಅವರ ಕೈಗೆ ಸಿಗದ ಹಾಗೆ ಉಳಿಸಿದೆ ಅಂತ ಒಳಗೊಳಗೇ ಹೆಮ್ಮೆ ಬೇರೆ.

ಯರಗುಪ್ಪಿಯ ಶಾಲೆಯಲ್ಲಿ ನನಗೆ ಅಕ್ಷರ ಕಲಿಸಿದ ಗುರುಗಳು ಹೊಸ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದದ್ದು ಒಂದು ಸಂತೆಯ ದಿನ. ಜೊತೆಗೆ ಅವರ ಹೆಂಡತಿಯೂ ಇದ್ದರು. ಅವರನ್ನು ನಾವೆಲ್ಲ ಅವ್ವಾರು ಅನ್ನುತ್ತಿದ್ದೆವು. ನಿವೃತ್ತಿಯಾದ ಮೇಲೆ ಗುರುಗಳಿಗೆ ಒಂದೇ ಹಂಬಲವಿತ್ತು. ಅವ್ವಾರು ತಮ್ಮ ಬದುಕನ್ನು ಬಾಯಿಂದ ಹೇಳಬೇಕು, ತಾವು ಅದನ್ನು ಹೇಳಿದ ಹಾಗೆಯೇ ಟೈಪ್ ಮಾಡಿ ಪುಸ್ತಕ ಮಾಡಬೇಕು. ಅವ್ವಾರಿಗೆ ಓದುಬರಹ ಬರುತ್ತಿರಲಿಲ್ಲ. ಹಲ್ಲು ಬಿದ್ದು ಹುಟ್ಟುವ ವಯಸ್ಸಿನಿಂದ ಮಂದಿಯ ಹೊಲದಲ್ಲಿ ಹತ್ತಿ, ಮೆಣಸಿನಕಾಯಿ ಬಿಡಿಸಿದವರು.

ಅವ್ವಾರು ರೊಟ್ಟಿಯ ಗಂಟನ್ನು ನನ್ನ ಟೇಬಲ್ ಮೇಲಿಟ್ಟು, "ಶೇಂಗಾ ಚಟ್ನಿ ಐತಿ, ಮರೀಬ್ಯಾಡ ಮತ್ತ" ಅಂದರು. ಗುರುಗಳು ಕಾಯಿಪಲ್ಲೆ ತರಲಿಕ್ಕೆ ಸಂತೆಗೆ ಹೋಗಿದ್ದರು, ನಾನು ಆಗಲೇ ಪರದೆಯ ಜೊತೆ ಜಗಳಕ್ಕೆ ಇಳಿದಿದ್ದೆ. ಅವ್ವಾರು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು.

"ಏನ ಕೇಳಾಕತ್ತೈತಪಾ ಅದು?"

"ಹೆಸರ ಕೇಳಾಕತ್ತೈತ್ರಿ ಅವ್ವಾರ. ಇದರ ಮಾರಿಗೆ ಬೆಂಕಿ ಹಚ್ಚಲಿ."

ಅವರ ಮುಖ ಅರಳಿತು. "ಹೌದ? ಹಂಗಾರ ನನ್ನ ಹೆಸರ ಹಾಕಪಾ. ಮಾತು ನಂದ, ಹೆಸರೂ ನಂದ ಇರಲಿ."

"ಬ್ಯಾಡ ಬಿಡ್ರಿ. ಇವರಿಗ್ಯಾಕ ನಿಮ್ಮ ಹೆಸರು? ಏನರೆ ಒಂದ ಹಾಕಿದರ ನಡೀತೈತಿ."

ಅವ್ವಾರು "ಆತು ಬಿಡಪಾ" ಅಂದು ಸೆರಗು ಸರಿಮಾಡಿಕೊಂಡು ಬೆಂಚಿನ ಮೇಲೆ ಹೋಗಿ ಕೂತರು. ನಾನು ಬೆರಳಿಗೆ ಬಂದದ್ದನ್ನು ಒತ್ತಿದೆ. ಏನು ಒತ್ತಿದೆನೋ ಇವತ್ತಿಗೂ ನೆನಪಿಲ್ಲ.

ಎರಡು ವರ್ಷ ಅವ್ವಾರು ಹೇಳಿದರು, ಗುರುಗಳು ಬರೆದರು. ಅವ್ವಾರು ಹೇಳುವುದನ್ನು ಮೊದಲು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಆಮೇಲೆ ಕೂತು ಕೇಳುತ್ತ ಟೈಪ್ ಮಾಡುವುದು ಗುರುಗಳ ರೂಢಿ. ಫೋನು ತುಂಬಿದಾಗಲೆಲ್ಲ ನಾನೇ ಆ ರೆಕಾರ್ಡುಗಳನ್ನು ಲ್ಯಾಪ್‌ಟಾಪಿಗೆ ಹಾಕಿ ಫೋನಿನಿಂದ ಅಳಿಸಿ ಕೊಡುತ್ತಿದ್ದೆ. ಒಮ್ಮೆ, "ಆದಷ್ಟು ಪ್ರಿಂಟ್ ತಗದು ಇಡೂಣೇನ್ರಿ ಗುರುಗಳ?" ಅಂತ ಕೇಳಿದೆ. "ಎಲ್ಲಾ ಮುಗೀಲಿ ತಡಿಯೋ. ಒಮ್ಮೆಲೆ ತಗಸಿ ಅಕಿ ಕೈಯಾಗ ಕೊಡತೀನಿ" ಅಂದರು. ನಾನೂ ಒತ್ತಾಯ ಮಾಡಲಿಲ್ಲ.

ಅವ್ವಾರು ಜ್ವರ ಅಂತ ಮಲಗಿದವರು ಏಳಲಿಲ್ಲ. ಮನೆಯಲ್ಲಿ ಬುದ್ಧನ ಫೋಟೋದ ಮುಂದೆ ಮೇಣದಬತ್ತಿ ಹಚ್ಚಿ ವಂದನೆ ಹೇಳಿದರು. ಮುಗಿದ ಮೇಲೆ ಗುರುಗಳು ನನ್ನ ಕೈ ಹಿಡಿದು, "ಟೈಪ್ ಮಾಡೂದು ಇನ್ನ ಸ್ವಲ್ಪ ಉಳದೈತಿ. ವರ್ಷದ ದಿನಕ್ಕ ಅಕಿ ಪುಸ್ತಕ ಆಗಬೇಕು ನೋಡಪಾ" ಅಂದರು. ಆಗಲಿ ಅಂತ ಮಾತು ಕೊಟ್ಟೆ.

ಒಂದು ತಿಂಗಳು ಕಳೆದಿರಬೇಕು. ಗುರುಗಳು ಬೆಳಗಿನ ಬಸ್ಸಿಗೇ ಬಂದರು. ಚೀಲದಿಂದ ಲ್ಯಾಪ್‌ಟಾಪ್ ತೆಗೆದು, "ನಿನ್ನೆ ಅದರಷ್ಟಕ್ಕ ಅದು ಏನೋ ಅಪ್‌ಡೇಟ್ ಮಾಡಿಕೊಂತೋ ತಮ್ಮಾ. ಇವತ್ತ ಎಂಥಾದೋ ಕೀಲಿ ಕೇಳಾಕತ್ತೈತಿ" ಅಂದರು. ಪರದೆ ನೋಡಿದ ಕೂಡಲೇ ನನಗೆ ತಿಳಿಯಿತು. ಈಗಿನ ಯಂತ್ರಗಳು ಒಳಗಿನದಕ್ಕೆಲ್ಲ ನಮ್ಮನ್ನು ಕೇಳದೆ ಬೀಗ ಜಡಿಯುತ್ತವೆ. ನಲವತ್ತೆಂಟು ಅಂಕಿಯ ಕೀಲಿಯನ್ನು ಆನ್‌ಲೈನ್ ಖಾತೆಯಲ್ಲಿ ಇಡುತ್ತವೆ. ಆ ಖಾತೆಯೊಳಗೆ ಹೋದರೆ ಕೀಲಿ ಸಿಗುತ್ತದೆ. ಆ ಖಾತೆ ಯಾರ ಹೆಸರಿನಲ್ಲಿದೆ? ಯಾವ ಈಮೇಲಿಗೆ? ನನಗೇ ಗೊತ್ತಿಲ್ಲ. ಆ ಸಿಮ್ಮೋ, ಸತ್ತುಹೋಗಿ ಕಸದ ಬುಟ್ಟಿ ಸೇರಿ ಯಾವ ಕಾಲವಾಗಿತ್ತೋ. ಫೋನಿನಲ್ಲಿ ಉಳಿದಿದ್ದ ಕಡೆಯ ರೆಕಾರ್ಡುಗಳನ್ನೂ ಹಿಂದಿನ ವಾರವೇ ಇದಕ್ಕೆ ಹಾಕಿ ಅಳಿಸಿಬಿಟ್ಟಿದ್ದೆ.

ನಾಲ್ಕು ದಿನ ಅಂಗಡಿಯ ಬೇರೆ ಕೆಲಸ ಮುಟ್ಟಲಿಲ್ಲ. ಕಣ್ಣು ಮುಚ್ಚಿ ಅವತ್ತಿನ ಹಾಗೆಯೇ ಬೆರಳು ಆಡಿಸಿ ನೋಡಿದೆ. ನೂರಾರು ಹೆಸರು ಹಾಕಿದೆ. ಹುಬ್ಬಳ್ಳಿಗೆ ಹೋಗಿ, ಕೆಟ್ಟ ಹಾರ್ಡ್‌ಡಿಸ್ಕಿನಿಂದ ಫೈಲು ತೆಗೆದುಕೊಡುವ ಒಬ್ಬರನ್ನು ಕಂಡೆ. ಅವರು ನೋಡಿ ತಲೆ ಅಲ್ಲಾಡಿಸಿದರು. "ಇದು ಕೆಟ್ಟಿಲ್ರಿ, ಭದ್ರ ಐತಿ. ಅದ ತ್ರಾಸು. ಕೀಲಿ ಇಲ್ದ ಯಾರ ಕಡೆಯಿಂದನೂ ಆಗಂಗಿಲ್ಲ." ವಾಪಸು ಬರುವಾಗ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆ.

ಗುರುಗಳಿಗೆ ಮಾತ್ರ ಸುಳ್ಳು ಹೇಳಿದೆ. "ಕಂಪನಿಯವರು ಹಿಂಗ ಮಾಡ್ಯಾರ್ರಿ ಗುರುಗಳ. ಮನಿ ಹಾಳ ಮಾಡಾವರು" ಅಂತ ಅವರೆದುರು ಬಾಯಿ ಬಡಿದುಕೊಂಡೆ. ಅದರಲ್ಲಿ ಅರ್ಧ ನಿಜವೂ ಇತ್ತು. ಖಾತೆ ತೆರೆಯಲೇಬೇಕು ಅಂತ ಕುತ್ತಿಗೆ ಹಿಡಿದವರು ಅವರೇ. ಆದರೆ ಅವ್ವಾರ ಹೆಸರನ್ನೂ ಗುರುಗಳ ನಂಬರನ್ನೂ ಹಾಕಿದ್ದರೆ ಗುರುಗಳ ಫೋನಿಗೇ ಸಂದೇಶ ಬಂದು ಕೀಲಿ ಸಿಗುತ್ತಿತ್ತು. ಅದನ್ನು ನುಂಗಿಕೊಂಡೆ. ಗುರುಗಳು ನನ್ನ ಬೆನ್ನು ಸವರಿ, "ಇರಲಿ ಬಿಡೋ, ನೀ ಏನ ಮಾಡತಿ" ಅಂತ ನನಗೇ ಸಮಾಧಾನ ಹೇಳಿದರು. ಆ ಕೈ ನನ್ನ ಕಪಾಳಕ್ಕೆ ಬಿದ್ದಿದ್ದರೆ ಚೆನ್ನಾಗಿರುತ್ತಿತ್ತು.

ಆಮೇಲೆ ನೆನಪಾದ ಗಿರಾಕಿಗಳಿಗೆಲ್ಲ ಫೋನು ಮಾಡಿ ಅವರ ಯಂತ್ರ ತರಿಸಿದೆ. ಇದ್ದದ್ದನ್ನು ಪ್ರತಿ ತೆಗೆದಿಟ್ಟು, ಒಪ್ಪಿದವರಿಗೆ ಲಿನಕ್ಸ್ ಹಾಕಿಕೊಟ್ಟೆ. ಅದು ಪುಕ್ಕಟೆ ಸಿಗುವ ಬೇರೆ ಸಿಸ್ಟಂ. ಇಂಟರ್ನೆಟ್ ಕೇಳುವುದಿಲ್ಲ, ಖಾತೆ ಕೇಳುವುದಿಲ್ಲ. ಹೆಸರು ಹೇಳಿ, ಪಾಸ್‌ವರ್ಡ್ ಇಟ್ಟುಕೊಳ್ಳಿ ಅಂದು ಸುಮ್ಮನಾಗುತ್ತದೆ. ಕೆಲವರ ಪ್ರಿಂಟರ್ ನಡೆಯಲಿಲ್ಲ, ಕೆಲವರು "ನಮ್ಮ ಹಳೇದ ಹಾಕ್ರಿ" ಅಂತ ಬೈದು ಹೋದರು. ಬೈಯಲಿ. ಪಾಸ್‌ವರ್ಡನ್ನು ಅವರ ಕೈಯಿಂದಲೇ ಹಾಕಿಸಿ, ಅವರ ಕೈಯಿಂದಲೇ ಚೀಟಿಯಲ್ಲಿ ಬರೆಸಿ ಕಳಿಸಿದೆ. ತಡವಾಗಿ ಬಂದ ಬುದ್ಧಿ.

ಮೊನ್ನೆ ಬೇಸಿಗೆಯ ಒಂದು ಮಧ್ಯಾಹ್ನ ಗುರುಗಳು ಆ ಲ್ಯಾಪ್‌ಟಾಪನ್ನು ಮತ್ತೆ ತಂದರು. "ಇದನ್ನ ಅಳಿಸಿಬಿಡೋ ತಮ್ಮಾ. ನೀ ಎಲ್ಲಾರಿಗೂ ಹಾಕಾಕತ್ತೀಯಲ್ಲ, ಅದನ್ನ ಹಾಕು. ಮತ್ತ ಮೊದಲಿಂದ ಬರೀತೀನಿ."

"ಎಲ್ಲಾ ನೆನಪೈತೇನ್ರಿ?"

"ಅಕಿ ಏನ ಹೇಳಿದ್ಲು ಅನ್ನೂದು ನೆನಪೈತಿ. ಹೆಂಗ ಹೇಳಿದ್ಲು ಅನ್ನೂದು ಹೋತು. ಈಗ ನಾ ಬರದರ ಅದು ನನ್ನ ಮಾತ ಆಗತೈತಿ." ಬೆಂಚಿನ ಮೇಲೆ ಕೂತು ಕನ್ನಡಕ ಒರೆಸಿಕೊಂಡರು. "ಸಣ್ಣಾಕಿ ಇದ್ದಾಗ ಹೊಲದಾಗ ಹಾಜರಿ ಬರಿಯುವಾಗ ಅಕಿ ಹೆಸರ ಯಾರೂ ಬರೀತಿದ್ದಿಲ್ಲಂತ. 'ಇಂಥಾವನ ಮಗಳು' ಅಂತಿದ್ರಂತ. ಲಗ್ನ ಆದ ಮ್ಯಾಲ ಮಾಸ್ತರ ಹೇಂತಿ. ಪುಸ್ತಕದ ಮೊದಲನೇ ಮಾತ ಅದ ಇತ್ತು."

ನಾನು ಕೆಲಸ ಸುರು ಮಾಡಿದೆ. ಒಳಗಿರುವುದನ್ನೆಲ್ಲ ಅಳಿಸಬೇಕೇ ಅಂತ ಪರದೆ ಕೇಳಿತು. ನನ್ನ ಬೆರಳು ಮುಂದೆ ಹೋಗಲಿಲ್ಲ. ಗುರುಗಳು ಎದ್ದು ಬಂದು, ನನ್ನ ಕೈ ಸರಿಸಿ ತಾವೇ ಒತ್ತಿದರು. ಮುಂದಿನ ಪರದೆ ಹೆಸರು ಕೇಳಿತು. ಕನ್ನಡದ ಕೀಲಿಮಣೆ ಹಾಕಿಕೊಟ್ಟೆ. ಅವರು ಒಂದೇ ಬೆರಳಿನಿಂದ, ಒಂದೊಂದೇ ಅಕ್ಷರ ಹುಡುಕಿ, ಅವ್ವಾರ ಹೆಸರು ಬರೆದರು.

ನನ್ನಿಂದ ತಡೆಯಲಾಗಲಿಲ್ಲ. ತಪ್ಪನ್ನೆಲ್ಲ ಕಂಪನಿಯ ಮೇಲೆ ಹಾಕಿದ್ದು ಸುಳ್ಳು ಅಂದೆ. ಅವ್ವಾರು ತಮ್ಮ ಹೆಸರು ಹಾಕು ಅಂದಿದ್ದರು, ನಾನು ಹಾಕಲಿಲ್ಲ, ಹಾಕಿದ್ದರೆ ಎಲ್ಲವೂ ಉಳಿಯುತ್ತಿತ್ತು ಅಂದೆ. ಯಂತ್ರ ತನ್ನಷ್ಟಕ್ಕೆ ಹೊಸ ಸಿಸ್ಟಂ ತುಂಬಿಕೊಳ್ಳುತ್ತಿತ್ತು, ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಗುರುಗಳು ನನ್ನ ಕಡೆ ನೋಡಲಿಲ್ಲ. ಕೊನೆಗೆ ಪರದೆಯ ನಡುವೆ ಅವ್ವಾರ ಹೆಸರು ಬಂತು. ಅವರು ಹೊಸ ಫೈಲು ತೆರೆಸಿಕೊಂಡು ಕೇಳಿದರು.

"ಅಕಿ ಹೆಂಗ ಅಂದ್ಲು? ಅಕಿ ಅಂದಂಗ ಹೇಳು."

"ಹಂಗಾರ ನನ್ನ ಹೆಸರ ಹಾಕಪಾ. ಮಾತು ನಂದ, ಹೆಸರೂ ನಂದ ಇರಲಿ. ಹಿಂಗಂದ್ರು."

ಬರೆದರು.

"ನೀ ಏನಂದಿ?"

"ಏನರೆ ಒಂದ ಹಾಕಿದರ ನಡೀತೈತಿ ಅಂದೆ."

ಅದನ್ನೂ ಬರೆದರು. "ಆಮ್ಯಾಲ?"

"ಆತು ಬಿಡಪಾ ಅಂದ್ರು."

ಅದನ್ನು ಬರೆದು ಗುರುಗಳು ಬೆರಳು ನಿಲ್ಲಿಸಿದರು. ಎರಡು ವರ್ಷದ ಮಾತು ಹೋಗಿ, ಅವ್ವಾರು ಹೇಳಿದ ಹಾಗೆಯೇ ಬರಹದಲ್ಲಿ ಉಳಿದದ್ದು ಈಗ ಎರಡೇ ಸಲದ ಮಾತು. ಅವೆರಡರ ನಡುವೆ ನನ್ನದೊಂದು.