ಸಮ ಮಾಡಿದ ದನಿ

ಕಳೆದ ವಾರ ಅಕ್ಕಲಕೋಟೆಯ ಬಸ್ಸು ಕುಂಭಾರಿ ದಾಟುತ್ತಿದ್ದಾಗ ಪಕ್ಕದ ಸೀಟಿನ ಹೆಂಗಸು ಕರವಸ್ತ್ರಕ್ಕೆ ನೀಲಗಿರಿ ಎಣ್ಣೆ ಹಾಕಿ ಮೂಗಿಗೆ ಹಿಡಿದಳು. ಆ ವಾಸನೆಗೆ ನನಗೆ ಬಾಯಾರು ನೆನಪಾದರು. ನಮ್ಮ ಕಡೆ ಶಿಕ್ಷಕಿಯರನ್ನು ಹಾಗೇ ಕರೆಯುವುದು. ಅಕ್ಕಲಕೋಟೆಯ ಸಾಲೆಯಲ್ಲಿ ನನಗೆ ಕನ್ನಡ ಕಲಿಸಿದವರು ಅವರು.

ಐದಾರು ವರ್ಷದ ಹಿಂದಿನ ಮಾತು. ಸೊಲ್ಲಾಪುರದ ನಮ್ಮ ಮಾಳಿಗೆಯ ಮೇಲೆ ನಾನು ಸಣ್ಣ ರೆಕಾರ್ಡಿಂಗ್ ಕೋಣೆ ನಡೆಸುತ್ತಿದ್ದೆ. ಒಂದು ದಿನ ಬಾಯಾರ ಫೋನು ಬಂತು. ಕಣ್ಣು ಕಾಣದ ಹುಡುಗಿಯೊಬ್ಬಳು ಹತ್ತನೆಯ ಪರೀಕ್ಷೆಗೆ ಕೂಡುವವಳಿದ್ದಳು. ಅವಳಿಗಾಗಿ ಕನ್ನಡದ ಹದಿನಾರೂ ಪಾಠಗಳನ್ನು ಬಾಯಾರು ತಮ್ಮ ಫೋನಿನಲ್ಲಿ ಓದಿಡುತ್ತಿದ್ದರು.

"ಒಂದ ಪಾಠ ಜೋರ್ ಕೇಳಸ್ತದ, ಒಂದು ಭಾಳ ಸಣ್ಣಗ ಕೇಳಸ್ತದ. ಎಲ್ಲಾ ಸಮ ಮಾಡಿಕೊಡಪಾ. ಆ ಪೋರಿ ಪ್ರತಿ ಸಲ ಆವಾಜ ಹೆಚ್ಚು ಕಡಿಮಿ ಮಾಡ್ಕೋತ ಕೂಡಬಾರ್ದು."

ಪೆನ್‌ಡ್ರೈವಿನಲ್ಲಿ ಬಂದ ಮೊದಲಿನ ಪಾಠಗಳಲ್ಲಿ ತರಗತಿಯ ಕೊನೆಯ ಬೆಂಚಿಗೂ ಮುಟ್ಟುತ್ತಿದ್ದ ಅದೇ ದನಿ ಇತ್ತು. ಹತ್ತನೆಯದರಿಂದ ದನಿ ಇಳಿಯುತ್ತಾ ಹೋಗಿತ್ತು. ಫೋನು ಕೆಟ್ಟಿರಬೇಕೆಂದುಕೊಂಡು ನಾನು ಏರಿಸಿದೆ. ದನಿಯ ಜೊತೆ ಹಿಂದಿನದೆಲ್ಲ ಮೇಲೆ ಬಂತು... ಯಾವುದೋ ಯಂತ್ರದ ಗುಂಯ್‌ಗುಡುವಿಕೆ, ನಾಲ್ಕು ಶಬ್ದಕ್ಕೊಮ್ಮೆ ಎಳೆದುಕೊಳ್ಳುವ ಉಸಿರು.

ರವಿವಾರ ಅಕ್ಕಲಕೋಟೆಗೆ ಹೋದೆ. ಕೋಣೆಯ ತುಂಬ ನೀಲಗಿರಿಯ ವಾಸನೆ. ಬಾಯಾರು ದಿಂಬಿಗೊರಗಿ ಕೂತಿದ್ದರು. ಮಂಚದ ಪಕ್ಕದಲ್ಲಿ ಆಕ್ಸಿಜನ್ ಮಷೀನು.

"ಓದೂಮುಂದ ಬಂದ್ ಮಾಡ್ತೀನಿ. ಸೊಸಿ ಬಂದು ಮತ್ತ ಚಾಲೂ ಮಾಡ್ತಾಳ," ಎಂದು ನಕ್ಕರು. ಆಮೇಲೆ ನನ್ನ ಕೈ ಹಿಡಿದರು. "ಆ ಹುಡುಗಿಗೆ ಗೊತ್ತಾಗಬಾರ್ದು ನೋಡು. ಪರೀಕ್ಷಾ ಮುಗಿಯೂತನಕ ಅಕಿ ಮನಸ್ಸು ಕೆಡಬಾರ್ದು."

ಆಗಲಿ ಎಂದೆ. ಎರಡು ವಾರ ಕೂತು ಹತ್ತನೆಯದರಿಂದ ಮುಂದಿನ ಪಾಠಗಳಲ್ಲಿ ಯಂತ್ರದ ಸದ್ದು ತೆಗೆದೆ, ಉಸಿರುಗಳನ್ನೆಲ್ಲ ಕತ್ತರಿಸಿ ಶಬ್ದಗಳನ್ನು ಜೋಡಿಸಿದೆ, ದನಿಯನ್ನು ಮೊದಲ ಪಾಠದ ಮಟ್ಟಕ್ಕೆ ತಂದೆ. ಕೆಲಸ ಚೊಕ್ಕವಾಗಿ ಆಗಿದೆ ಅನಿಸಿತು, ಹುಡುಗಿಗೆ ಕಳಿಸಿದೆ. ಜಾಗ ಸಾಲದೆ ಮೂಲ ರೆಕಾರ್ಡಿಂಗುಗಳನ್ನು ಅಳಿಸಿಬಿಟ್ಟೆ. ಬಾಯಾರೂ ಪೆನ್‌ಡ್ರೈವಿಗೆ ಹಾಕಿಕೊಟ್ಟ ಮೇಲೆ ಫೋನಿನಲ್ಲಿ ಇಟ್ಟುಕೊಂಡಿರಲಿಲ್ಲ.

ಪರೀಕ್ಷೆ ಮುಗಿಯಿತು. ಫಲಿತಾಂಶ ಬರುವ ಮೊದಲೇ ಬಾಯಾರು ಹೋದರು.

ತಿಂಗಳಾದ ಮೇಲೆ ಆ ಹುಡುಗಿ ಅಪ್ಪನ ಕೈ ಹಿಡಿದು ನಮ್ಮ ಮಾಳಿಗೆ ಹತ್ತಿ ಬಂದಳು. ಕನ್ನಡದಲ್ಲೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಅಂಕ ಬಂದಿದ್ದವು.

"ಅಣ್ಣಾ, ನನಗ ಹತ್ತನೇ ಪಾಠದಾಗ ಗೊತ್ತಾಗಿತ್ರಿ," ಎಂದಳು. "ಬಾಯಾರು ಒಂದು ವಾಕ್ಯ ಮುಗಿಸಿ ಒಮ್ಮಿ ಉಸುರು ತಗೋತಿದ್ರು. ಹತ್ತನೇದ್ರಿಂದ ಉಸುರಽ ಇರಲಿಲ್ಲ. ಯಾರೋ ತಗದಾರ ಅಂತ ತಿಳೀತು. ಯಾಕ ತಗದಾರ ಅನ್ನೂದೂ ತಿಳೀತು."

"ಅವರಿಗೆ ಹೇಳಲಿಲ್ಲೇನು?"

"ನನಗ ಗೊತ್ತಾಗಬಾರ್ದು ಅಂತ ಅಷ್ಟು ತ್ರಾಸ ತಗೊಂಡಿದ್ರಲ್ರಿ... ಹೆಂಗ ಹೇಳಲಿ? ಪ್ರತಿ ಶನಿವಾರ ಫೋನ್ ಮಾಡಿ, ಪಾಠ ಛಂದ ಕೇಳಸ್ತಾವ್ರಿ ಅಂತ ಅಷ್ಟಽ ಅಂತಿದ್ದೆ."

ಆಮೇಲೆ ಕೇಳಿದಳು: "ಉಸುರು ಇರೂ ಪಾಠ ಕೊಡ್ತೀರೇನ್ರಿ? ಒಮ್ಮಿ ಕೇಳ್ಬೇಕಾಗೇದ."

ಅಳಿಸಿದ್ದೇನೆ ಎಂದು ಹೇಳಬೇಕಾಯಿತು. ಅವಳು ಅಪ್ಪನ ಕೈಗಾಗಿ ತಡಕಿ ಎದ್ದು ನಿಂತಳು.

ಆ ಹದಿನಾರು ಪಾಠಗಳು ಈಗಲೂ ನನ್ನ ಕಂಪ್ಯೂಟರಿನಲ್ಲಿವೆ. ಗೊತ್ತಿಲ್ಲದವರು ಕೇಳಿದರೆ, ಗಟ್ಟಿಮುಟ್ಟಾದ ಹೆಂಗಸೊಬ್ಬಳು ಒಂದೇ ಪಟ್ಟಿಗೆ ಕೂತು ಓದಿದ್ದಾಳೆ ಅಂದುಕೊಳ್ಳುತ್ತಾರೆ. ಬಾಯಾರು ಪಟ್ಟ ಪಾಡು ಅದರಲ್ಲಿ ಎಲ್ಲೂ ಇಲ್ಲ. ಅಷ್ಟು ಚೊಕ್ಕವಾಗಿ ಅದನ್ನು ಅಳಿಸಿದವನು ನಾನೇ.