ವಿಭೂತಿ ಹಚ್ಚಿದ ಕಾನೂನು

ಸ್ನೇಹಿತರೇ, ಮೈಯೆಲ್ಲ ಉರಿಯುತ್ತಿದೆ. ಕಾರ್ಖಾನೆಗಳಿಗೆ ಕಾರ್ಮಿಕ ಕಾನೂನಿನ ಸಲಹೆ ಕೊಡುವುದು ನನ್ನ ಕೆಲಸ. ಇವತ್ತು ಅರಸೀಕೆರೆಯ ಕೊಬ್ಬರಿ ಎಣ್ಣೆ ಗಿರಣಿಯೊಂದಕ್ಕೆ ಕಾರ್ಮಿಕರು ಓದಲೆಂದು ಹಾಕಬೇಕಾದ ಹೊಸ ಕಾನೂನಿನ ಬೋರ್ಡ್ ಒಯ್ದಿದ್ದೆ. ಹಳೆಯದು ಗೋಡೆಯ ಮೇಲಿತ್ತು. ಆಯುಧಪೂಜೆಯ ವಿಭೂತಿ, ಕುಂಕುಮ ಮೆತ್ತಿ ಅದರ ಒಂದಕ್ಷರವೂ ಕಾಣುತ್ತಿರಲಿಲ್ಲ.

"ಕಾನೂನು ಬದಲಾಗಿದೆ, ಇದನ್ನ ತೆಗೀರಿ ಸಾರ್" ಎಂದೆ.

"ನಮ್ಮಪ್ಪ ಹಾಕಿದ್ದು ಕಣ್ರೀ, ತೆಗೆಯೋಕಾಗಲ್ಲ. ನಿಮ್ದೂ ಪಕ್ಕದಲ್ಲಿ ಹಾಕಿ, ಅದಕ್ಕೂ ಪೂಜೆ ಮಾಡಿಸ್ತೀನಿ" ಎಂದರು ಮಾಲೀಕರು.

ಕೊಬ್ಬರಿ ಚೂರು ಮಾಡುತ್ತಿದ್ದ ಗೌರಮ್ಮ ಎದ್ದು ಬಂದು, "ಅದ್ರಲ್ಲಿ ನಮ್ ವಿಚಾರ ಏನಾರ ಬರ್ದೈತಾ ಸಾಮಿ?" ಎಂದು ನನ್ನನ್ನು ಕೇಳಿದರು.

"ಎಲ್ಲರಿಗೂ ನೇಮಕದ ಪತ್ರ ಕೊಡಬೇಕು ಅಂತಿದೆ" ಎನ್ನುವಷ್ಟರಲ್ಲಿ ಮಾಲೀಕರು ಗದರಿದರು: "ಬೋರ್ಡಿಗೆ ಕೈ ಮುಗ್ದು ಕೆಲ್ಸಕ್ಕೋಗಮ್ಮ!"

ನಮ್ಮೂರಲ್ಲಿ ಕಾನೂನು ಮುರಿಯುವ ಪಾಪಕ್ಕೆ ಯಾರೂ ಹೋಗುವುದಿಲ್ಲ. ಹೂ ಮುಡಿಸಿ, ಗೋಡೆಗೆ ನೇತುಹಾಕಿ, ಊದುಬತ್ತಿ ಹಚ್ಚಿಬಿಡುತ್ತಾರೆ.